ಬ್ಯಾಡಗಿ ಮೆಣಸಿನಕಾಯಿ: ಪೀಡೆನಾಶಕ ಬಳಕೆ ಹಾಗೂ ಸಾವಯವ ಪ್ರಮಾಣೀಕರಣದ ನಿಯಮಗಳು

ಹಲಗೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದ ರೈತ ಬಾಂಧವರು ಮೆಣಸಿನ ಬೆಳೆಗೆ ಔಷಧಿ ಸಿಂಪಡಿಸುವ ಮುನ್ನ ಮತ್ತು ಸಾವಯವ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಮುನ್ನ ಕಾನೂನು ಏನು ಹೇಳುತ್ತದೆ ಎಂಬುದನ್ನು ಅರಿತಿರಬೇಕು. ಬ್ಯಾಡಗಿ ಮೆಣಸಿನಕಾಯಿಗೆ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆಯು ಬೆಳೆದ ಪ್ರದೇಶ ಮತ್ತು ಗುಣವನ್ನು ಸೂಚಿಸುತ್ತದೆಯೇ ಹೊರತು ಕಾಯಿ ವಿಷಮುಕ್ತವೆಂಬ ಖಾತರಿಯನ್ನು ನೀಡುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ನಿಗದಿಯಾಗದ ಪೀಡೆನಾಶಕಗಳಿಗೆ ಪ್ರತಿ ಕಿ.ಗ್ರಾಂ. ಆಹಾರದಲ್ಲಿ 0.01 ಮಿ.ಗ್ರಾಂ. ಶೇಷಾಂಶವೇ ಗರಿಷ್ಠ ಮಿತಿ. ಹಸಿಕಾಯಿ ಒಣಗಿದಾಗ ನೀರಿನಂಶ ಹೋಗಿ ತೂಕ ಇಳಿಯುವುದರಿಂದ ಪ್ರತಿ ಕಿ.ಗ್ರಾಂ.ಗೆ ಶೇಷಾಂಶದ ಪ್ರಮಾಣ ಏರಬಹುದು. ಆದುದರಿಂದ ಹೊಲದಲ್ಲಿ ಆದ ಒಂದು ತಪ್ಪು ಸಿಂಪರಣೆಯಿಂದ ರಫ್ತಿಗೆ ಹೋದ ಮಾಲು ತಿರಸ್ಕೃತವಾಗುವ ಸಂಭವವಿದೆ.

ಪರವಾನಗಿ ಯಾರಿಗೆ ಬೇಕು?

ಕೀಟನಾಶಕ ಕಾಯ್ದೆ 1968 ಮತ್ತು ಕೀಟನಾಶಕ ನಿಯಮಗಳು 1971 ದೇಶದಾದ್ಯಂತ ಜಾರಿಯಲ್ಲಿವೆ. ತಯಾರಿಕೆ, ದಾಸ್ತಾನು ಮತ್ತು ಮಾರಾಟಕ್ಕೆ ಪರವಾನಗಿ ಕಡ್ಡಾಯ. ಕಾಯ್ದೆಯ 38ನೇ ಕಲಮು ಮನೆಬಳಕೆಗೆ, ಕೈತೋಟಕ್ಕೆ ಹಾಗೂ ತಾನು ಸಾಗುವಳಿ ಮಾಡುವ ಜಮೀನಿಗೆ ಕೀಟನಾಶಕ ಬಳಸುವವರಿಗೆ ವಿನಾಯಿತಿ ನೀಡಿದೆ. ಆದ್ದರಿಂದ ಸ್ವಂತ ಹೊಲಕ್ಕೆ ಸಿಂಪಡಿಸಲು ರೈತರಿಗೆ ಪರವಾನಗಿ ಬೇಡ. ಹಣ ಪಡೆದು ವ್ಯಾಪಾರವಾಗಿ ಇತರರ ಹೊಲ, ಗೋದಾಮು ಅಥವಾ ಕಟ್ಟಡಗಳಲ್ಲಿ ಪೀಡೆ ನಿಯಂತ್ರಣ ಕೈಗೊಳ್ಳುವವರು ಪರವಾನಗಿ ಪಡೆಯತಕ್ಕದ್ದು.

ಈ ವಿನಾಯಿತಿಯನ್ನು ನಿಷೇಧಿತ ಔಷಧಿ ಬಳಸಲು ರಹದಾರಿ ಎಂದು ಭಾವಿಸಬಾರದು. 2018ರ ಆಗಸ್ಟ್ ಆದೇಶದನ್ವಯ ಫೋರೇಟ್, ಟ್ರೈಜೋಫಾಸ್, ಡೈಕ್ಲೋರ್‌ವಾಸ್ ಮತ್ತು ಫಾಸ್ಫಾಮಿಡಾನ್ 2020ರ ಡಿಸೆಂಬರ್ 31ರಿಂದ ಸಂಪೂರ್ಣ ನಿಷೇಧಕ್ಕೊಳಗಾಗಿವೆ. 2023ರ ಆದೇಶವು ಡೈಕೋಫಾಲ್, ಮಿಥೋಮಿಲ್, ಡೈನೋಕ್ಯಾಪ್ ಹಾಗೂ ಮೋನೋಕ್ರೋಟೋಫಾಸ್ ಶೇ. 36 ದ್ರಾವಣವನ್ನು ನಿಷೇಧಿಸಿದೆ. ಇವುಗಳಲ್ಲಿ ಕೆಲವನ್ನು ಹಿಂದೆ ಮೆಣಸಿನ ಹಾಗೂ ಹತ್ತಿಯ ಹೊಲಗಳಲ್ಲಿ ಬಳಸುವ ರೂಢಿಯಿತ್ತು. ಮನೆಯಲ್ಲಿ ಹಳೆಯ ಡಬ್ಬಿಗಳು ಉಳಿದಿದ್ದರೆ ಬಳಸಬೇಡಿ. ವಿಲೇವಾರಿಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಲೇಬಲ್ಲಿನಲ್ಲಿ ಏನನ್ನು ನೋಡಬೇಕು?

ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕಗಳು ಲೇಬಲ್ಲಿನ ಮೇಲಿರಬೇಕು. ತ್ರಿಕೋನದ ಬಣ್ಣವು ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರು ತ್ರಿಕೋನವೆಂದರೆ ಸಾವಯವ ಎಂದು ಅರ್ಥವಲ್ಲ.

ಔಷಧಿಯೊಂದಿಗೆ ಬರುವ ಕರಪತ್ರದಲ್ಲಿ ಬೆಳೆಯ ಹೆಸರು, ಪೀಡೆಯ ಹೆಸರು, ಪ್ರಮಾಣ ಹಾಗೂ ಕೊನೆಯ ಸಿಂಪರಣೆಯಿಂದ ಕೊಯ್ಲಿನವರೆಗೆ ಕಾಯಬೇಕಾದ ದಿನಗಳು ನಮೂದಾಗಿರುತ್ತವೆ. ನಮ್ಮ ಎರೆ ಭೂಮಿಯಲ್ಲಿ ಮೆಣಸಿನಕಾಯಿ, ಹತ್ತಿ ಮತ್ತು ಉಳ್ಳಾಗಡ್ಡಿಯನ್ನು ಕೂಡಿ ಬೆಳೆಯುವ ಪದ್ಧತಿ ಇರುವುದರಿಂದ ಇಲ್ಲಿ ವಿಶೇಷ ಎಚ್ಚರ ಅಗತ್ಯ. ಹತ್ತಿಗೆ ಮಾತ್ರ ಶಿಫಾರಸಾದ ಔಷಧಿಯನ್ನು ಸಾಲಿನಲ್ಲಿ ಸಿಂಪಡಿಸಿದಾಗ ಅದು ಪಕ್ಕದ ಮೆಣಸಿನ ಗಿಡದ ಮೇಲೂ ಬೀಳುತ್ತದೆ. ಮಿಶ್ರ ಬೆಳೆಯಿದ್ದಲ್ಲಿ ಕರಪತ್ರದಲ್ಲಿ ಎಲ್ಲ ಬೆಳೆಗಳ ಹೆಸರೂ ಇರುವ ಔಷಧಿಯನ್ನೇ ಆಯ್ದುಕೊಳ್ಳಿ.

ಪೀಡೆಯನ್ನು ಸರಿಯಾಗಿ ಗುರುತಿಸುವುದೂ ಅಷ್ಟೇ ಮುಖ್ಯ. ಎಲೆಗಳು ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ ಕಾರಣವಾಗಿರುವ ಸಂಭವ ಹೆಚ್ಚು. ಒಂದಕ್ಕೆ ಕೆಲಸ ಮಾಡುವ ಔಷಧಿ ಇನ್ನೊಂದಕ್ಕೆ ತಾಗದೇ ಇರಬಹುದು. ಗುರುತಿಸದೆ ಸಿಂಪಡಿಸಿದರೆ ಖರ್ಚು ಮತ್ತು ಶೇಷಾಂಶ ಎರಡೂ ಹೆಚ್ಚುತ್ತವೆ.

ಜೈವಿಕ ಹೆಸರಿನ ಪರಿಕರಗಳು

ಟ್ರೈಕೋಡರ್ಮ, ಸುಡೋಮೋನಾಸ್ ಮತ್ತು ಬೇವು ಆಧಾರಿತ ಪೀಡೆನಾಶಕಗಳನ್ನು ಮಾರಾಟ ಮಾಡಲು ಸಹ ಕೀಟನಾಶಕ ಕಾಯ್ದೆಯಡಿ ನೋಂದಣಿ ಕಡ್ಡಾಯ. ಜೈವಿಕ ಪ್ರಚೋದಕಗಳನ್ನು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ನೋಂದಣಿ ಸಂಖ್ಯೆಯಿಲ್ಲದೆ, ಎಲ್ಲ ನುಸಿಗಳನ್ನೂ ಒಂದೇ ಸಿಂಪರಣೆಯಲ್ಲಿ ಕೊಲ್ಲುತ್ತದೆ ಎಂದು ಮಾರುವ ಬಾಟಲಿಯನ್ನು ಕೊಳ್ಳಬೇಡಿ. ಅದರಲ್ಲಿ ರಾಸಾಯನಿಕ ಬೆರೆತಿದ್ದರೆ ನಷ್ಟ ಪ್ರಮಾಣಪತ್ರ ಹೊಂದಿದ ರೈತರದ್ದೇ. ಸ್ವಂತ ಬಳಕೆಗೆ ಮನೆಯಲ್ಲಿಯೇ ತಯಾರಿಸಿದ ಶೇ. 5ರ ಬೇವಿನ ಬೀಜದ ಕಷಾಯಕ್ಕೆ (100 ಲೀಟರ್ ನೀರಿಗೆ 5 ಕಿ.ಗ್ರಾಂ. ಬೀಜದ ಪುಡಿ) ಯಾವ ಅನುಮತಿಯೂ ಬೇಕಿಲ್ಲ.

ಸಾವಯವ ಪ್ರಮಾಣಪತ್ರ: ಎರಡು ಮಾರ್ಗಗಳು

1. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ: 2001ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು ಅಪೆಡಾ ನಿರ್ವಹಿಸುತ್ತದೆ. ಸಾವಯವ ಎಂದು ರಫ್ತು ಮಾಡಲು ಇದೇ ಬೇಕು. ಮಾನ್ಯತೆ ಪಡೆದ ಸಂಸ್ಥೆಯ ಪರಿವೀಕ್ಷಕರು ಹೊಲಕ್ಕೆ ಭೇಟಿ ನೀಡುತ್ತಾರೆ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು.

2. ಸಹಭಾಗಿತ್ವ ಖಾತರಿ ಪದ್ಧತಿ: ಕನಿಷ್ಠ 5 ರೈತರು ಗುಂಪು ಕಟ್ಟಿ, ಪರಸ್ಪರರ ಹೊಲಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಪಡೆಯುತ್ತಾರೆ. ಇದು ದೇಶದೊಳಗಿನ ಮಾರಾಟಕ್ಕೆ ಮಾತ್ರ ಸಲ್ಲುತ್ತದೆ.

ಎರಡೂ ಮಾರ್ಗಗಳಲ್ಲಿ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ಪರಿವರ್ತನಾ ಅವಧಿ ಇರುತ್ತದೆ. ಸಾವಯವ ಆಹಾರ ನಿಯಮಗಳು 2017ರ ಪ್ರಕಾರ ಪ್ರಮಾಣಪತ್ರವಿಲ್ಲದೆ ಸಾವಯವ ಎಂದು ಮಾರುವಂತಿಲ್ಲ. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕರು ನೇರವಾಗಿ ಗ್ರಾಹಕರಿಗೆ ಮಾರಬಹುದು. ಆದರೆ ಜೈವಿಕ್ ಭಾರತ್ ಚಿಹ್ನೆಯನ್ನು ಬಳಸುವಂತಿಲ್ಲ.

ಈ ಭಾಗದ ರೈತರು ಗಮನಿಸಬೇಕಾದ ಅಂಶಗಳು:

- ಕುಲಾಂತರಿ ತಳಿಗಳಿಗೆ ಅವಕಾಶವಿಲ್ಲ. ಆದ್ದರಿಂದ ಸಾವಯವ ಮೆಣಸಿನ ಹೊಲದಲ್ಲಿ ಬಿಟಿ ಹತ್ತಿಯನ್ನು ಅಂತರ ಬೆಳೆಯಾಗಿ ಹಾಕುವಂತಿಲ್ಲ.
- ರಾಸಾಯನಿಕದಿಂದ ಉಪಚರಿಸಿದ ಬೀಜವನ್ನು ಬಿತ್ತಬಾರದು.
- ಪಕ್ಕದಲ್ಲಿ ಬೀಜೋತ್ಪಾದನೆಯ ತಾಕು ಅಥವಾ ಗೋವಿನಜೋಳವಿದ್ದು ಅಲ್ಲಿ ಸಿಂಪರಣೆ ನಡೆಯುತ್ತಿದ್ದರೆ ಬದುವಿನ ಗುಂಟ ತಡೆಪಟ್ಟಿ ಬಿಡಬೇಕು. ಗಾಳಿಯ ದಿಕ್ಕು ನೋಡಿ ಸಿಂಪಡಿಸುವಂತೆ ನೆರೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳಿ.
- ಗಂಧಕದಂತಹ ನಿರ್ಬಂಧಿತ ಪರಿಕರಗಳನ್ನು ಬಳಸುವ ಮುನ್ನ ಪ್ರಮಾಣನ ಸಂಸ್ಥೆಯ ಒಪ್ಪಿಗೆ ಪಡೆಯಿರಿ.

ಕೃಷ್ಣಮೃಗ ಅಭಯಾರಣ್ಯದ ನಿಯಮ

1974ರಲ್ಲಿ ಘೋಷಿತವಾದ, 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದೊಳಗೆ ವನ್ಯಜೀವಿಗಳಿಗೆ ಹಾನಿಯಾಗಬಲ್ಲ ರಾಸಾಯನಿಕ ಬಳಸುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 32ನೇ ಕಲಮು ನಿಷೇಧಿಸುತ್ತದೆ. ಅಭಯಾರಣ್ಯದ ಹೊರಗೂ ಬೆಳೆ ಮೇಯಲು ಬರುವ ಚಿಗರಿಗಳಿಗೆ ವಿಷವಿಡುವುದು ಬೇಟೆಯ ಅಪರಾಧವೆನಿಸುತ್ತದೆ. ಬೆಳೆ ಹಾನಿಯಾದಲ್ಲಿ ಅರಣ್ಯ ಇಲಾಖೆಗೆ ದೂರು ನೀಡಿ ಪರಿಹಾರಕ್ಕೆ ಅರ್ಜಿ ಸಲ್ಲಿಸಿ.

ಇಟ್ಟುಕೊಳ್ಳಬೇಕಾದ ದಾಖಲೆಗಳು

- ಬ್ಯಾಚ್ ಸಂಖ್ಯೆ ನಮೂದಾಗಿರುವ ಖರೀದಿ ರಸೀದಿ. ಔಷಧಿ ಕಳಪೆಯೆಂದು ದೂರು ನೀಡಲು ಇದು ಮುಖ್ಯ ಆಧಾರ.
- ಲೇಬಲ್ ಮತ್ತು ಕರಪತ್ರ.
- ಹೊಲದ ದಿನಚರಿ: ದಿನಾಂಕ, ಸರ್ವೆ ನಂಬರು, ಬೆಳೆ, ಪೀಡೆ, ಔಷಧಿ, ಪ್ರಮಾಣ ಮತ್ತು ಕೊಯ್ಲಿನ ದಿನಾಂಕ.

ರಾಸಾಯನಿಕ ಬಳಸುವವರಿಗೆ ಕಾಯುವ ಅವಧಿ ಪಾಲಿಸಿದ್ದಕ್ಕೆ ಈ ದಿನಚರಿಯೇ ಸಾಕ್ಷಿ. ಮುಂದೆ ಸಾವಯವಕ್ಕೆ ಬದಲಾಗುವವರಿಗೆ ಕೊನೆಯ ರಾಸಾಯನಿಕ ಬಳಕೆಯ ದಿನಾಂಕವನ್ನು ತೋರಿಸಲು ಇದೇ ಆಧಾರ. ಆದ್ದರಿಂದ ಇಂದೇ ಬರೆಯಲು ಆರಂಭಿಸಿ.

ಖಾಲಿ ಡಬ್ಬಿಗಳನ್ನು ಮರುಬಳಕೆಯಾಗದಂತೆ ಒಡೆದು, ವಸತಿ ಮತ್ತು ನೀರಿನ ಮೂಲಗಳಿಂದ ದೂರದಲ್ಲಿ ಹೂಳಬೇಕು. ಸಿಂಪರಣೆ ಮಾಡಿದವರಿಗೆ ತಲೆಸುತ್ತು, ವಾಂತಿ ಅಥವಾ ಉಸಿರಾಟದ ತೊಂದರೆ ಕಂಡುಬಂದರೆ 108ಕ್ಕೆ ಕರೆ ಮಾಡಿ, ಲೇಬಲ್ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಚ್ಚಿನ ಮಾಹಿತಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551ನ್ನು ಸಂಪರ್ಕಿಸಿ.