‘ಪೊರೆ ಹಣ್ಣಾಗಲಿ’ ಎಂಬ ಮಾತಿನ ಹಿಂದಿನ ಕಥೆ

‘ಪೊರೆ ಇನ್ನೂ ಹಣ್ಣಾಗಿಲ್ಲ. ಹಣ್ಣಾಗಲಿ, ಆಮೇಲೆ ತೋರಿಸಿದರಾಯಿತು.’

ಕಣ್ಣು ಮಂಜಾಗಿದೆ ಎಂದ ಹಿರಿಯರಿಗೆ ಊರಲ್ಲಿ ಇವತ್ತಿಗೂ ಸಿಗುವ ಉತ್ತರ ಇದು. ಹೇಳುವವರದು ಕೆಟ್ಟ ಮನಸ್ಸಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಹೇಳಿ ವಾಪಸು ಕಳಿಸುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ಈಗ ಆ ಕಾರಣ ಹೋಗಿದೆ, ಮಾತು ಮಾತ್ರ ಉಳಿದಿದೆ. ಈ ಮಾತು ನಂಬಿ ಕೂತು ಕಣ್ಣು ಕಳೆದುಕೊಳ್ಳುವವರಿದ್ದಾರೆ. ಹಾಗಾಗಿ ಇದು ಎಲ್ಲಿಂದ ಬಂತು ಎಂದು ತಿಳಿಯಬೇಕು.

ನಮ್ಮ ಕಣ್ಣೊಳಗೆ ಗಾಜಿನಂತೆ ತಿಳಿಯಾದ ಒಂದು ಮಸೂರವಿದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ. ಅದನ್ನೇ ಪೊರೆ ಅನ್ನುತ್ತೇವೆ. ಹಿಂದಿನ ಕಾಲದಲ್ಲಿ ಪೊರೆ ತೆಗೆಯುತ್ತಿರಲಿಲ್ಲ, ಸೂಜಿಯಂಥ ಸಲಕರಣೆಯಿಂದ ಒತ್ತಿ ಕಣ್ಣೊಳಗೇ ಕೆಳಕ್ಕೆ ಬೀಳಿಸುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ಇದರ ವಿವರಣೆ ಇದೆ. ಮೆತ್ತಗಿನ ಪೊರೆ ಸೂಜಿ ತಾಗಿದರೆ ಒಡೆಯುತ್ತದೆ. ಗಟ್ಟಿಯಾದದ್ದು ಇಡಿಯಾಗಿ ಜಾರುತ್ತದೆ. ಅಂದರೆ ಗಟ್ಟಿಯಾಗುವ ತನಕ ಕಾಯುವುದೇ ಆಗ ಜಾಣತನ.

1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಎಂಬ ವೈದ್ಯ ಕಣ್ಣು ಕೊಯ್ದು ಪೊರೆಯನ್ನು ಹೊರಗೇ ತೆಗೆದ. ಮುಂದೆ ಎಲ್ಲ ಕಡೆ ಇದೇ ದಾರಿ ಹಿಡಿಯಿತು. ನಮ್ಮಲ್ಲಿ 1896ರಲ್ಲಿ ಸಣ್ಣದಾಗಿ ಶುರುವಾದ ಬೆಂಗಳೂರಿನ ಕಣ್ಣಾಸ್ಪತ್ರೆಯೇ ಇಂದಿನ ಮಿಂಟೋ ಆಸ್ಪತ್ರೆ. ಆದರೆ ಹಳ್ಳಿಯವರಿಗೆ ಬೆಂಗಳೂರು ದೂರ. ಆ ದೂರವನ್ನು ಕಡಿಮೆ ಮಾಡಿದವರು ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಡಾ. ಎಂ.ಸಿ. ಮೋದಿ. 1940ರ ದಶಕದಿಂದ ಅವರು ಊರೂರು ಸುತ್ತಿ ಉಚಿತ ಶಿಬಿರ ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರ ಹೆಸರಿನಲ್ಲಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಕಣ್ಣಾಸ್ಪತ್ರೆಯ ಮುಖ ನೋಡದ ಎಷ್ಟೋ ಜನ ಅವರ ಶಿಬಿರದಿಂದ ನೋಟ ಪಡೆದು ಮನೆಗೆ ಹೋದರು.

ಆ ಕಾಲದ ಆಪರೇಷನ್ನಿನಲ್ಲಿ ಒಂದು ತೊಡಕಿತ್ತು. ಮಬ್ಬಾದ ಮಸೂರ ತೆಗೆಯುತ್ತಿದ್ದರು, ಆ ಜಾಗಕ್ಕೆ ಬೇರೇನೂ ಇಡುತ್ತಿರಲಿಲ್ಲ. ಹಾಗಾಗಿ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಳ್ಳಬೇಕಿತ್ತು. ನಮ್ಮ ಅಜ್ಜ ಅಜ್ಜಿಯರ ಹಳೇ ಫೋಟೋಗಳಲ್ಲಿ ಆ ಕನ್ನಡಕ ಈಗಲೂ ಕಾಣುತ್ತದೆ. ಅದರಲ್ಲಿ ವಸ್ತುಗಳು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು. ಹೊಸ್ತಿಲು ದಾಟುವಾಗ ಅಂದಾಜು ತಪ್ಪುತ್ತಿತ್ತು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡೂ ಕಣ್ಣಿನ ನೋಟ ಒಂದಕ್ಕೊಂದು ಕೂಡುತ್ತಿರಲಿಲ್ಲ. ಅದಕ್ಕೇ ಡಾಕ್ಟರು, ‘ಕಾಣುವಷ್ಟು ದಿನ ಕಾಣಲಿ, ಪೂರ್ತಿ ಹಣ್ಣಾದ ಮೇಲೆ ಬನ್ನಿ’ ಅನ್ನುತ್ತಿದ್ದರು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯ ಕಣ್ಣೊಳಗೆ ಕೃತಕ ಮಸೂರ ಇಟ್ಟರು. ಬಹಳ ಕಾಲ ಈ ಲೆನ್ಸ್ ಬಡವರ ಕೈಗೆಟುಕಲಿಲ್ಲ. ಮದುರೈನ ಅರವಿಂದ ಕಣ್ಣಾಸ್ಪತ್ರೆ ಬಳಗದ ಅರೋಲ್ಯಾಬ್ 1992ರಲ್ಲಿ ಶುರುವಾಗಿ, ಕಡಿಮೆ ಬೆಲೆಗೆ ಲೆನ್ಸ್ ತಯಾರಿಸಿತು. ಇಂದು ಆಪರೇಷನ್ ಅಂದರೆ ಲೆನ್ಸ್ ಕೂಡಿಸಿಯೇ. ದಿನದ ಕೆಲಸಕ್ಕೆ ತೊಂದರೆಯಾಗುವಷ್ಟು ಮಂಜಾದರೆ ಸಾಕು, ಆಪರೇಷನ್ ಮಾಡಬಹುದು. ಹಣ್ಣಾಗಲು ಬಿಟ್ಟರೆ ಪೊರೆ ಗಟ್ಟಿಯಾಗಿ ಆಪರೇಷನ್ನೇ ಕಷ್ಟ. ಅತಿಯಾಗಿ ಬಲಿತರೆ ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಂಜಾದದ್ದೆಲ್ಲ ಪೊರೆಯಲ್ಲ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಣ್ಣಿನ ಒಳಗೆ ಬೆಳಕು ಬಿಟ್ಟು ನೋಡುವ ಸಲಕರಣೆ ಮಾಡಿದ. ಜೀವಂತ ಮನುಷ್ಯನ ಕಣ್ಣಿನ ಹಿಂಭಾಗದ ಪರದೆ, ರಕ್ತನಾಳ, ನರ ಎಲ್ಲವೂ ವೈದ್ಯರಿಗೆ ಕಾಣುವಂತಾಯಿತು. ‘ಚೆನ್ನಾಗಿಯೇ ಕಾಣುತ್ತದೆ’ ಅನ್ನುವವರ ಕಣ್ಣಲ್ಲೂ ಕಾಯಿಲೆ ಅಡಗಿರುವುದು ಹೀಗೆ ಗೊತ್ತಾಗತೊಡಗಿತು.

ಗ್ಲಾಕೋಮಾ ಅಂಥದ್ದು. ಇದರಲ್ಲಿ ಕಣ್ಣಿನ ನರ ನಿಧಾನವಾಗಿ ಸಾಯುತ್ತದೆ. ಬಹಳ ಮಂದಿಗೆ ಕಣ್ಣಿನ ಒಳಒತ್ತಡ ಹೆಚ್ಚಿರುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನೇರ ನೋಟ ಕೊನೆಯ ತನಕ ಇರುತ್ತದೆ. ಅದಕ್ಕೇ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯೂ ಹಾಗೆಯೇ. ಅದು ಕಣ್ಣಿನ ಪರದೆಯ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತಾ ಹೋಗುತ್ತದೆ. ಪೊರೆಯಿಂದ ಹೋದ ನೋಟ ಸಾಮಾನ್ಯವಾಗಿ ಆಪರೇಷನ್ನಿನಿಂದ ವಾಪಸು ಬರುತ್ತದೆ. ಗ್ಲಾಕೋಮಾದಿಂದ ಹೋದ ನೋಟ ಬರುವುದಿಲ್ಲ. ಬೇಗ ಸಿಕ್ಕರೆ ಹನಿ ಔಷಧ, ಲೇಸರ್ ಅಥವಾ ಆಪರೇಷನ್ನಿನಿಂದ ಉಳಿದದ್ದನ್ನು ಕಾಪಾಡಬಹುದು, ಅಷ್ಟೇ. ‘ಹಣ್ಣಾಗಲಿ’ ಎಂದು ಕಾಯುತ್ತಾ ಕೂತವರಿಗೆ ಇರುವುದು ಪೊರೆಯಲ್ಲದೆ ಇದಾಗಿದ್ದರೆ?

ನಮ್ಮ ಭಾಷೆಯಲ್ಲೇ ಒಂದು ಎಚ್ಚರಿಕೆ ಇದೆ. ನಲವತ್ತರ ನಂತರ ಹತ್ತಿರದ ಅಕ್ಷರ ಕಾಣದಿದ್ದರೆ ‘ಚಾಳೀಸು ಬಂತು’ ಅನ್ನುತ್ತೇವೆ. ಚಾಳೀಸು ಅಂದರೆ ನಲವತ್ತೇ. ಕಣ್ಣು ತೋರಿಸಲು ಅದೇ ಸರಿಯಾದ ವಯಸ್ಸು. ಆದರೆ ನಾವು ಸಂತೆಯಲ್ಲಿ ಸಿಗುವ ಕನ್ನಡಕ ಹಾಕಿ ನೋಡಿ, ಅಕ್ಷರ ಕಂಡರೆ ಕೊಂಡು ಬರುತ್ತೇವೆ. ಆ ಕನ್ನಡಕ ಓದಲು ಸಹಾಯ ಮಾಡಬಹುದು, ಕಣ್ಣಿನ ಒಳಗೆ ಏನಾಗಿದೆ ಎಂದು ಹೇಳುವುದಿಲ್ಲ.

1976ರಿಂದ ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ. ನಲವತ್ತು ದಾಟಿದವರು ಎರಡು ವರ್ಷಕ್ಕೊಮ್ಮೆ, ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಅಪ್ಪ, ಅಮ್ಮ, ಅಣ್ಣ, ತಂಗಿಯರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ‘ಒತ್ತಡ ನೋಡಿ, ಹನಿ ಹಾಕಿ ಪರದೆ ನೋಡಿ’ ಎಂದು ಕೇಳಲು ಸಂಕೋಚ ಬೇಡ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಅವತ್ತು ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ.

ಮೋದಿಯವರ ಕಾಲದಲ್ಲಿ ಡಾಕ್ಟರು ಬರುವ ದಿನಕ್ಕಾಗಿ ಊರು ಕಾಯಬೇಕಿತ್ತು. ಈಗ ತಾಲ್ಲೂಕಿಗೆ ಬಸ್ಸಿದೆ. ಮನೆಯ ಹಿರಿಯರು ‘ಹಣ್ಣಾಗಲಿ ಬಿಡಪ್ಪ’ ಅಂದರೆ ಈ ಕಥೆ ಹೇಳಿ, ಬಸ್ಸು ಹತ್ತಿಸಿ, ನೀವೂ ಜೊತೆಗೆ ಹೋಗಿ. ಅಲ್ಲಿಯೇ ನಿಮ್ಮ ಕಣ್ಣನ್ನೂ ತೋರಿಸಿಕೊಂಡು ಬನ್ನಿ.