ಬೇತಾಳ ಕೇಳುವ ಪ್ರಶ್ನೆ

ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿ ನಮ್ಮ ಜನವಾಡ. ಇಲ್ಲಿ ಹೈಸ್ಕೂಲಿನ ಮಕ್ಕಳಿಗೆ ಸಮಾಜ ಪಾಠ ಹೇಳುವುದು ನನ್ನ ಕೆಲಸ. ಒಮ್ಮೆ ಬಹಮನಿ ಅರಸರ ಪಾಠ ನಡೆದಿತ್ತು. ಅಹಮದ್ ಷಾ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದದ್ದು, ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು ಎಲ್ಲವನ್ನೂ ಹೇಳುತ್ತಿದ್ದೆ. ಅರ್ಧ ತರಗತಿ ಆಕಳಿಸುತ್ತಿತ್ತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಕ್ವಾಟಿ ಒಳಗ ದೆವ್ವ ಅದಾವಂತ, ಖರೇ ಏನ್ರಿ?" ಎಂದಳು. ಇಡೀ ತರಗತಿ ನೆಟ್ಟಗೆ ಕೂತಿತು. ಸುಲ್ತಾನರಿಂದ ಆಗದ ಕೆಲಸವನ್ನು ಒಂದು ದೆವ್ವ ಮಾಡಿತ್ತು.

ಅವಳ ಪಠ್ಯಪುಸ್ತಕದ ನಡುವೆ ಒಂದು ಭೂತದ ಕಾದಂಬರಿ ಇತ್ತು. ಕಸಿದುಕೊಂಡೆ. ರಾತ್ರಿ ಎರಡು ಪುಟ ನೋಡೋಣವೆಂದು ತೆರೆದವಳು ಮುಗಿಸಿಯೇ ಕೆಳಗಿಟ್ಟೆ. ನಡುವೆ ನೀರು ಕುಡಿಯಲು ಎದ್ದಾಗ ಮೊದಲು ದೀಪ ಹಾಕಿ, ಆಮೇಲೆ ಅಡಿಗೆಮನೆಯೊಳಗೆ ಕಾಲಿಟ್ಟೆ. ಐವತ್ತು ದಾಟಿದ ನನಗೇ ಹೀಗಾದರೆ ಹದಿನಾಲ್ಕರ ಹುಡುಗಿಯನ್ನು ಬೈಯುವುದು ಯಾವ ಬಾಯಿಂದ?

ಈ ವಯಸ್ಸಿನವರಿಗೆ ದೆವ್ವದ ಕಥೆ ಏಕೆ ಇಷ್ಟ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಅಂಥ ಕಥೆಗಳಲ್ಲಿ ದೆವ್ವವನ್ನು ಮೊದಲು ಕಾಣುವವರು ಹೆಚ್ಚಾಗಿ ಮಕ್ಕಳು ಇಲ್ಲವೆ ಹರೆಯದವರು. ಅವರ ಮಾತನ್ನು ದೊಡ್ಡವರು ನಂಬುವುದಿಲ್ಲ. ಹದಿನಾಲ್ಕು ವರ್ಷದವರ ದಿನನಿತ್ಯದ ಕಷ್ಟವೂ ಇದೇ ಅಲ್ಲವೇ? ಮೈ ಬದಲಾಗುತ್ತಿರುತ್ತದೆ, ಮನೆಯಲ್ಲಿ ಏನೋ ನಡೆಯುತ್ತಿರುತ್ತದೆ, ಕೇಳಿದರೆ "ನಿನಗ್ಯಾಕ ಅದೆಲ್ಲ" ಎಂಬ ಉತ್ತರ. ದೂರದ ಇಂಗ್ಲೆಂಡಿನ ಮೇರಿ ಶೆಲ್ಲಿ 1816ರಲ್ಲಿ 'ಫ್ರಾಂಕೆನ್‌ಸ್ಟೈನ್' ಬರೆಯಲು ಕೂತಾಗ ಆಕೆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡವಳು, ಹಿಂದಿನ ವರ್ಷವಷ್ಟೇ ಹಸುಗೂಸನ್ನು ಮಣ್ಣುಮಾಡಿದವಳು. ನೇರವಾಗಿ ಹೇಳಲಾಗದ್ದನ್ನು ಭಯದ ಕಥೆ ಹೇಳಿಸಿಕೊಳ್ಳುತ್ತದೆ.

ನಮ್ಮ ಅಜ್ಜಿಯದು ನಿಜಾಮರ ಕಾಲ. ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಪುಸ್ತಕ ಕಂಡದ್ದು ಅಪರೂಪ. ಆದರೆ ಕಥೆಗೇನೂ ಬರವಿರಲಿಲ್ಲ. ಕನ್ನಡದ ಕೊಳ್ಳಿದೆವ್ವ, ಮರಾಠಿಯ ಹಡಳ, ಉರ್ದುವಿನ ಜಿನ್ನು ಮೂವರೂ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದರು. ನಮ್ಮ ತವರೂರಿನ ಹೊರಗೆ ಒಂದು ಹಾಳುಬಾವಿ. "ಅತ್ತಾಗ ಹೋಗಬ್ಯಾಡ್ರಿ, ಅಲ್ಲಿ ದೆವ್ವ ಅದ" ಎನ್ನುತ್ತಿದ್ದಳು. ಯಾರ ದೆವ್ವ ಎಂದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ಕಾಲೇಜಿನಲ್ಲಿ ಇತಿಹಾಸ ಓದಿದ ಮೇಲೆ ನನಗೆ 1948 ತಿಳಿಯಿತು. ಆ ವರ್ಷ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಜನರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಮುಸಲ್ಮಾನರ ಹತ್ಯೆಗಳಾದವು. ಪಂಡಿತ ಸುಂದರಲಾಲರ ಸಮಿತಿ ಬಂದು ನೋಡಿ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಹೆಣ ತುಂಬಿದ ಬಾವಿಗಳ ಮಾತೂ ಆ ವರದಿಯಲ್ಲಿ ಇದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ಮುಚ್ಚಿದ ಬಾಯಿ. ಕೇಳೋಣವೆಂದರೆ ಅಷ್ಟರಲ್ಲಿ ಅವಳೇ ಇರಲಿಲ್ಲ.

ಪುಸ್ತಕದ ದೆವ್ವ ನನಗೆ ಮೊದಲು ಸಿಕ್ಕದ್ದು 'ಚಂದಮಾಮ'ದಲ್ಲಿ. 1947ರಲ್ಲಿ ತೆಲುಗು, ತಮಿಳಿನಲ್ಲಿ ಹೊರಟ ಆ ಪತ್ರಿಕೆ ಆಮೇಲೆ ಕನ್ನಡಕ್ಕೂ ಬಂದಿತು. ಈಗ ಅದು ನಿಂತುಹೋಗಿದೆ. ಹೆಗಲ ಮೇಲೆ ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಶಂಕರ್ ಅವರು ಬರೆಯುತ್ತಿದ್ದರು. ಅದನ್ನು ಕಂಡವರು ಮರೆಯಲಾರರು. ಬೇತಾಳ ಕಥೆ ಹೇಳಿ ಸುಮ್ಮನಾಗುತ್ತಿರಲಿಲ್ಲ, ಕೊನೆಗೆ ಒಂದು ಪ್ರಶ್ನೆ ಹಾಕುತ್ತಿದ್ದ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ ಎಂಬ ಎಚ್ಚರಿಕೆ ಬೇರೆ. ಅದರ ಬೆಲೆ ಆಗ ನನಗೆ ತಿಳಿಯಲಿಲ್ಲ.

ನಾನು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ 'ತುಳಸಿದಳ'ದ ಗಾಳಿ ಬೀಸಿತ್ತು. ಯಂಡಮೂರಿ ವೀರೇಂದ್ರನಾಥರ ಆ ತೆಲುಗು ಕಾದಂಬರಿ ಕನ್ನಡಕ್ಕೆ ಬಂದು, 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ, ಉಳಿಸಲು ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಾಂತ್ರಿಕರು. ನಾವು ಗೆಳತಿಯರು ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ, ಹಾಳೆಗಳೆಲ್ಲ ಬಿಚ್ಚಿಹೋಗುವ ತನಕ ಓದಿದೆವು.

ಬೆಂಗಳೂರಿನವರಿಗೆ ಅದು ಕಥೆಯಾಗಿದ್ದಿರಬಹುದು. ನಮ್ಮ ಭಾಗದಲ್ಲಿ ಭಾನಾಮತಿ ಎಂಬುದು ಮನೆಮಾತು. ನಮ್ಮ ಓಣಿಯಲ್ಲಿ ಶೇಂಗಾ ಹುರಿದು ಮಾರುವ ಒಬ್ಬ ವಿಧವೆ ಇದ್ದಳು. ಆ ವರ್ಷ ಪಕ್ಕದ ಮನೆಯ ಸೊಸೆ ರಾತ್ರಿ ಕೂಗಾಡತೊಡಗಿದಳು. ಇದು ಆ ವಿಧವೆಯದೇ ಕೆಲಸ ಎಂದು ಯಾರೋ ಅಂದರು. ಹೆಂಗಸರು ನನ್ನನ್ನು ಕೇಳಿದರು, ಏಕೆಂದರೆ ಓಣಿಯಲ್ಲಿ ದಪ್ಪ ಪುಸ್ತಕ ಓದುವ ಹುಡುಗಿ ನಾನೊಬ್ಬಳೇ. "ಹೌದ್ರಿ, ಪುಸ್ತಕದಾಗ ಹಿಂಗೇ ಬರೆದಾರ" ಎಂದೆ. ನಾಲ್ಕು ಜನ ನನ್ನ ಮಾತು ಕೇಳಿದರೆಂದು ಒಳಗೊಳಗೇ ಹಿಗ್ಗಿದೆ. ಆಕೆಯ ಹತ್ತಿರ ಶೇಂಗಾ ಕೊಳ್ಳುವುದು ನಿಂತಿತು, ಬಾಗಿಲಿಗೆ ಕಲ್ಲು ಬಿದ್ದವು. ದೀಪಾವಳಿಗೆ ಮೊದಲೇ ಆಕೆ ಊರು ಬಿಟ್ಟಳು. ಸೊಸೆಗೆ ಗಂಡನ ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುತ್ತಿರಲಿಲ್ಲ ಎಂಬುದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

ಬಹಳ ವರ್ಷ ನಾನು ಪುಸ್ತಕವನ್ನೇ ದೂರಿದೆ. ಈಗ ಹಾಗೆನ್ನಿಸುವುದಿಲ್ಲ. ಆ ಕಾದಂಬರಿಯಲ್ಲಿ ವೈದ್ಯರೂ ಇದ್ದರಲ್ಲ, ನಾನು ಮಾಂತ್ರಿಕರ ಪುಟಗಳನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಓದಿದ ಮೇಲೆ ಕೂಡ್ರಿಸಿಕೊಂಡು "ನಿನಗೇನನ್ನಿಸಿತು?" ಎಂದು ಕೇಳುವವರು ಯಾರೂ ಇರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲೇ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಅವರ ಪ್ರಶ್ನೆಗಳು ನಮ್ಮ ಓಣಿಗೆ ಬರುವುದು ತಡವಾಯಿತು. ಮಾಟಮಂತ್ರದ ಹೆಸರಿನ ಹಿಂಸೆಯನ್ನು ತಡೆಯುವ ಕರ್ನಾಟಕದ ಕಾನೂನು ಜಾರಿಗೆ ಬಂದದ್ದಂತೂ 2020ರಲ್ಲಿ. ಅದಕ್ಕೂ ಮೊದಲು, 2018ರ ಜುಲೈನಲ್ಲಿ, ಔರಾದ್ ಭಾಗದ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಫೋನಿನ ಗಾಳಿಮಾತು ನಂಬಿ ಗುಂಪು ಒಬ್ಬ ಎಂಜಿನಿಯರನನ್ನು ಹೊಡೆದು ಕೊಂದಿತು. ಅಲ್ಲಿ ಕಾದಂಬರಿಯೂ ಇರಲಿಲ್ಲ, ದೆವ್ವವೂ ಇರಲಿಲ್ಲ. ಪ್ರಶ್ನೆ ಕೇಳದ ಭಯ ಮಾತ್ರ ಇತ್ತು.

ಮರುದಿನ ಆ ಹುಡುಗಿಯ ಪುಸ್ತಕವನ್ನು ಹಿಂತಿರುಗಿಸಿದೆ. "ಓದು. ಆದರ ಈ ದೆವ್ವಕ್ಕ ಬದುಕಿದ್ದಾಗ ಏನಾಗಿತ್ತು, ಅದನ್ನ ಯಾರು ಹೇಳಿದ್ರು, ಯಾರು ಮುಚ್ಚಿಟ್ರು, ನಾಳೆ ಬಂದು ಹೇಳಬೇಕು" ಎಂದೆ. ಅವಳು ಬಂದು ಹೇಳಿದಳು. ಪರೀಕ್ಷೆಯಲ್ಲಿ ಎಂದೂ ಬರೆಯದಷ್ಟು ಚೆನ್ನಾಗಿ ಹೇಳಿದಳು. ಆ ಖುಷಿಯಲ್ಲಿ ನಾನು ತರಗತಿಗೆ ನಮ್ಮೂರ ಬಾವಿಯ ಕಥೆ ಹೇಳಿದೆ.

"ಆ ಬಾವಿ ಇನ್ನೂ ಅದೇನ್ರಿ?" ಎಂದಳು.

"ಇಲ್ಲ, ಮುಚ್ಯಾರ."

"ಯಾಕ ಮುಚ್ಚಿದ್ರು?"

ಯಾರೂ ಆಕಳಿಸುತ್ತಿರಲಿಲ್ಲ. ಬೋರ್ಡಿನ ಮೇಲೆ 1948 ಎಂದು ಬರೆದು ಪಾಠ ಶುರು ಮಾಡಿದೆ.