ಅತ್ತೆಯ ಹಸೆ ಹಾಡೂ ಎಂಪಿ3 ಸಿಡಿಯೂ

ಈಗ ಹಬ್ಬ, ನಾಮಕರಣ ಅಂದ್ರೆ ಎಲ್ಲರೂ ಫೋನಲ್ಲೇ ಹಾಡು ಹಾಕ್ತಾರೆ. ಅದಕ್ಕೆ ಮುಂಚೆ ಸುಮಾರು ವರ್ಷ ನಮ್ಮ ಗಾಂಧಿ ಬಜಾರಿನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಆ ಕೆಲಸ ಟೀವಿ ಕೆಳಗಿನ ಡಿವಿಡಿ ಪ್ಲೇಯರ್‌ದು. ತಂದಿದ್ದು ಸಿನಿಮಾ ನೋಡೋಕೆ, ಬೆಳಗಾದ್ರೆ ಓಡ್ತಿದ್ದದ್ದು ಎಂಪಿ3 ಸಿಡಿ. ಆ ಸಿಡಿ ಎಲ್ಲಿಂದ ಬಂತು, ಅದರಲ್ಲಿ ಅಷ್ಟು ಹಾಡು ಹೇಗೆ ಹಿಡೀತಿತ್ತು, ಅದನ್ನ ಮನೇಲಿ ಹೇಗೆ ಮಾಡ್ಕೋಬೇಕು ಅಂತ ಇವತ್ತು ಬರೀತೀನಿ.

ನಮ್ಮ ಹಿರಿಯರಿಗೆ ಹಾಡು ಕೇಳಬೇಕಂದ್ರೆ ಎದ್ದು ಹೋಗ್ಬೇಕಿತ್ತು. 1905ರಿಂದ ಗಾಯನ ಸಮಾಜ ಇತ್ತು. 1939ರಲ್ಲಿ ರಾಮಸೇವಾ ಮಂಡಳಿ ಶುರುವಾಯ್ತು, ಅದರ ರಾಮನವಮಿ ಕಛೇರಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನಕ್ಕೆ ಜನ ನಡಕೊಂಡೇ ಹೋಗೋರು. ಮನೆಗೆ ಹಾಡು ತಂದಿದ್ದು ಗ್ರಾಮಫೋನ್ ಪ್ಲೇಟು. 1902ರಲ್ಲಿ ಕಲ್ಕತ್ತದಲ್ಲಿ ಪ್ಲೇಟಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್, ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ನಿಮಿಷದ ಹಾಡು, ಅಷ್ಟೇ.

ಆಮೇಲೆ ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್ ಅವರ ಪದ್ಯಗಳನ್ನ ಮೈಸೂರು ಅನಂತಸ್ವಾಮಿ ಹಾಡಿದ ‘ನಿತ್ಯೋತ್ಸವ’ ಬಂದ್ಮೇಲೆ ಭಾವಗೀತೆ ಅನ್ನೋದು ಅಡುಗೆ ಮನೆವರೆಗೂ ಬಂತು. ಆದ್ರೆ ನನ್ನ ಲೆಕ್ಕದಲ್ಲಿ ಕ್ಯಾಸೆಟ್ಟು ಮಾಡಿದ ದೊಡ್ಡ ಉಪಕಾರ ಬೇರೆ. ಖಾಲಿ ಕ್ಯಾಸೆಟ್ಟು ಹಾಕಿ ಕೆಂಪು ಗುಂಡಿ ಒತ್ತಿದ್ರೆ ನಮ್ಮ ಮನೆಯವರ ದನೀನೂ ಅದರಲ್ಲಿ ನಿಲ್ತಿತ್ತು. ನಮ್ಮತ್ತೆ ಹಾಡಿದ ಹಸೆ ಹಾಡು, ಆರತಿ ಹಾಡು ಹಾಗೇ ಉಳಕೊಂಡಿದ್ದು. ತಂಬೂರಿ ಇಲ್ಲ, ಹಾರ್ಮೋನಿಯಂ ಇಲ್ಲ, ಹಿಂದೆ ಒಂದು ಕುಕ್ಕರ್ ಕೂಗು. ಯಾವ ಅಂಗಡೀಲೂ ಸಿಗದ ಹಾಡು ಅವು.

1982ರಲ್ಲಿ ಸಿಡಿ ಬಂತು. ಅದು ದನಿಯನ್ನ ಒಂದು ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಮಾಡಿಡತ್ತೆ. ತುಂಬಾ ಚೆನ್ನಾಗಿ ಕೇಳ್ಸತ್ತೆ, ಆದ್ರೆ ಎಪ್ಪತ್ನಾಲ್ಕು ನಿಮಿಷಕ್ಕೇ ಜಾಗ ಮುಗೀತು. ಜರ್ಮನಿಯಲ್ಲಿ ಬ್ರಾಂಡೆನ್‌ಬರ್ಗ್ ಅನ್ನೋರೂ ಅವರ ಜೊತೆಯವರೂ ಇದನ್ನ ಕುಗ್ಗಿಸೋ ದಾರಿ ಹುಡುಕಿದ್ರು. ಮಿಕ್ಸಿ ಓಡ್ತಿರುವಾಗ ಗೋಡೆ ಗಡಿಯಾರದ ಟಿಕ್ ಟಿಕ್ ನಮಗೆ ಕೇಳ್ಸತ್ಯೇ? ಇಲ್ಲ ತಾನೆ. ಹಾಗೆ ಜೋರು ಶಬ್ದದ ಹಿಂದೆ ಅಡಗೋ ಸಣ್ಣ ಶಬ್ದನೆಲ್ಲ ಬಿಟ್ಟುಬಿಟ್ರೆ ಫೈಲು ಹನ್ನೊಂದರಲ್ಲಿ ಒಂದು ಪಾಲಾಗತ್ತೆ. ಆ ಫೈಲಿನ ಬಾಲಕ್ಕೆ ಎಂಪಿ3 ಅಂತ ಹೆಸರಿಟ್ಟಿದ್ದು 1995ರ ಜುಲೈನಲ್ಲಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಹೇಳ್ತೀನಿ ಕೇಳಿ. ಅವರನ್ನ ಸತಾಯಿಸಿದ್ದು ದೊಡ್ಡ ವಾದ್ಯಗೋಷ್ಠಿ ಅಲ್ಲ, ಸುಜಾನ್ ವೇಗಾ ಅನ್ನೋ ಅಮೆರಿಕದ ಹೆಂಗಸು ಪಕ್ಕವಾದ್ಯ ಇಲ್ಲದೆ ಹಾಡಿದ ಒಂದು ಹಾಡು. ಒಂಟಿ ದನಿಗೆ ಅಡಗೋಕೆ ಮರೆ ಇಲ್ಲ ನೋಡಿ, ಸ್ವಲ್ಪ ಕೆಟ್ರೂ ಗೊತ್ತಾಗ್ಬಿಡತ್ತೆ. ಅವಳ ದನಿ ಸರಿ ಬರೋವರೆಗೂ ಮತ್ತೆ ಮತ್ತೆ ಕೇಳಿ ತಿದ್ದಿದ್ರಂತೆ. ನಮ್ಮ ಹಸೆ ಹಾಡೂ ಅದೇ ಥರದ್ದಲ್ವೇ?

ಸಿನಿಮಾ ಪ್ಲೇಯರ್‌ಗೆ ಈ ಹಾಡು ಹೇಗೆ ಬಂತು ಅಂದ್ರೆ, ವಿಸಿಡಿಯ ದನೀನೂ ಎಂಪಿ3ನೂ ಒಂದೇ ಮನೆತನ. ವಿಸಿಡಿದು ಎರಡನೇ ಪದರ, ಇದು ಮೂರನೇದು. ಹೆಸರಲ್ಲಿರೋ ಮೂರು ಅದೇನೆ. ಕಂಪನಿಗಳು ಅದನ್ನೂ ಓದೋ ಚಿಪ್ ಹಾಕಿ, ಮುಂದೆ ಎಂಪಿ3 ಅಂತ ಬರೆದು ಮಾರಿದ್ರು. 700 ಎಂಬಿ ಸಿಡಿಯಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಎಂಬಿ ಅಂದ್ರೆ ಹನ್ನೆರಡು ಗಂಟೆ ಹಾಡು!

ಇನ್ನು ಮಾಡೋ ಕ್ರಮ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು. ಅರ್ಧ ಗಂಟೆ ಹಾಡಿಗೆ ಅರ್ಧ ಗಂಟೆ ಕೂತೇ ತುಂಬಿಸ್ಬೇಕು, ಅವಸರ ನಡೆಯಲ್ಲ. ಎಂಪಿ3 ಮಾಡುವಾಗ 128ಕ್ಕಿಂತ ಕೆಳಗೆ ಇಳಿಸಬೇಡಿ, ಜಾಗ ಬೇಕಾದಷ್ಟಿದೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ, ಹಳೇ ಪ್ಲೇಯರು ಕನ್ನಡ ಓದಲ್ಲ, ಬರೀ ಡಬ್ಬಿ ಡಬ್ಬಿ ತೋರಿಸತ್ತೆ. ಹೆಸರಿನ ಮುಂದೆ 01, 02 ಅಂತ ಸೊನ್ನೆ ಸೇರಿಸಿ. ಇಲ್ದಿದ್ರೆ ಎಷ್ಟೋ ಪ್ಲೇಯರು 1 ಆದ್ಮೇಲೆ 10 ಹಾಡಿ, ಆಮೇಲೆ 2ಕ್ಕೆ ಬರತ್ತೆ. ಹಸೆಗೆ ಮುಂಚೆ ಆರತಿ ಬಂದ್ರೆ ಹೇಗಿರತ್ತೆ ಹೇಳಿ! ಸಿಡಿ ಬರೆಯುವಾಗ ‘ಆಡಿಯೋ’ ಅಲ್ಲ, ‘ಡೇಟಾ’ ಆರಿಸಿ. ಕೊನೆಗೆ ‘ಫೈನಲೈಸ್’ ಮಾಡಿ.

ಇಷ್ಟೆಲ್ಲ ಈಗ ಯಾಕೆ ಅಂತೀರಾ? ಭಾವಗೀತೆ, ಕಛೇರಿ ಎಲ್ಲ ಹೇಗೋ ಸಿಗತ್ತೆ, ಅದಕ್ಕೆ ಕಂಪನಿಗಳಿವೆ. ನಮ್ಮತ್ತೆ, ನಿಮ್ಮಮ್ಮ, ಪಕ್ಕದ ಮನೆ ಅಜ್ಜಿ ಹಾಡಿದ್ದಕ್ಕೆ ನಾವೇ ದಿಕ್ಕು. ಟೇಪು ಅಂಟ್ಕೊಳತ್ತೆ, ಬೂಷ್ಟು ಹಿಡಿಯತ್ತೆ. ಮನೇಲಿ ಬರೆದ ಸಿಡಿಯೂ ಬಿಸಿಲಿಗೆ ಬಣ್ಣ ಕೆಟ್ಟು ಓದೋದು ನಿಲ್ಸತ್ತೆ. ಪ್ಲೇಯರ್ರುಗಳೂ ಗುಜರಿಗೆ ಹೋಗ್ತಿವೆ. ಫೈಲು ಮಾತ್ರ ಎಷ್ಟು ಸಲ ನಕಲು ಮಾಡಿದ್ರೂ ಸವೆಯಲ್ಲ, ಅದಕ್ಕೇ ಒಂದೇ ಕಡೆ ಇಡಬೇಡಿ. ಪೆನ್‌ಡ್ರೈವಿನಲ್ಲೊಂದು, ತಂಗಿ ಮನೇಲೊಂದು ಇರಲಿ.

ಈ ಗೌರಿ ಹಬ್ಬಕ್ಕೆ ಅಟ್ಟ ಗುಡಿಸುವಾಗ ಹಳೇ ಕ್ಯಾಸೆಟ್ಟು ಸಿಕ್ರೆ ಬಿಸಾಕಬೇಡ್ರೀ. ಮೊದಲು ಅದರ ಹಿಂದುಗಡೆ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದುಬಿಡಿ, ಆಗ ಯಾರೂ ಅದರ ಮೇಲೆ ಬೇರೆ ರೆಕಾರ್ಡ್ ಮಾಡೋಕಾಗಲ್ಲ. ಆಮೇಲೆ ಹಾಡಿದ್ದು ಯಾರು, ಯಾವ ಹಾಡು, ಯಾವ ಶಾಸ್ತ್ರಕ್ಕೆ ಅಂತ ಒಂದು ಚೀಟಿ ಬರೆದು ಒಳಗಿಡಿ. ಅದನ್ನ ಹೇಳಬಲ್ಲವರು ಮನೇಲಿ ಇರುವಾಗಲೇ ಬರ್ಕೊಂಡ್ಬಿಡಿ.